ಕೋಡಿಯ ಮಠದ ವಿದ್ಯಾದಾನವೂ ಅದರ ವೆಚ್ಚವೂ

ವಿಶ್ವವಿದ್ಯಾನಿಲಯದ ಆನರ್ಸ್ ತರಗತಿಯಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗಮಾಡುವವರು ಅವಕಾಶವೆಚ್ಚವೆಂಬ ತತ್ತ್ವವನ್ನು ಅರಿಯುತ್ತಾರೆ: ಒಂದು ವಸ್ತುವಿಗಾಗಿ ನಾವು ಬಿಟ್ಟುಕೊಟ್ಟುದೇ ಅದರ ನಿಜವಾದ ಬೆಲೆ. ಈ ತತ್ತ್ವಕ್ಕೆ ನಿದರ್ಶನವು ಶಿಕಾರಿಪುರ, ಸೊರಬ ಸೀಮೆಗಳಲ್ಲಿಯೇ ದೊರೆಯುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. 1162ರ ಶಾಸನವು ಬಿಜ್ಜಳನ ಕಾಲದ್ದು. ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಧರ್ಮಶಾಸ್ತ್ರ, ಕಾವ್ಯನಾಟಕಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ ಅದರಿಂದ ವಿದಿತವಾಗುತ್ತದೆ. ಅರ್ಥಶಾಸ್ತ್ರದ ಹೆಸರು ಆ ಪಟ್ಟಿಯಲ್ಲಿಲ್ಲ.

ಆದರೆ ಆ ವಿದ್ಯೆಯೆಲ್ಲವೂ ನಿಂತುದು ದತ್ತಿಯ ಭೂಮಿಯ ಮೇಲೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಂತಹ ಅಗ್ರಹಾರಗಳಿಗೂ ಅದೇ ಆಧಾರ. ಹೀಗೆ ಬಿಟ್ಟ ಭೂಮಿಯ ತೆರಿಗೆ ಅರಸನ ಭಂಡಾರವನ್ನು ಸೇರದು. ಕೆರೆಗೋ ಪಡೆಗೋ ಸಲ್ಲಬಹುದಾಗಿದ್ದ ಧನವು ವಿದ್ಯೆಗೆ ಸಂದಿತು. ಶಾಸನಕವಿಗಳು ದಾನಿಯನ್ನೂ ಆಚಾರ್ಯರನ್ನೂ ಮನಸಾರೆ ಕೊಂಡಾಡುತ್ತಾರೆ; ಆ ಭೂಮಿಯನ್ನು ಉತ್ತು ಬೆಳೆದವರ ಹೆಸರು ಕಾಣುವುದು ಅಪೂರ್ವ.

ಆದುದರಿಂದ ನಮ್ಮ ವಿದ್ಯಾಕೇಂದ್ರಗಳ ಚರಿತ್ರೆಯನ್ನು ಬರೆಯುವವರು ಪ್ರಶಸ್ತಿಭಾಗದಲ್ಲಿಯೇ ನಿಲ್ಲದೆ, ಕಡೆಯಲ್ಲಿ ಬರುವ ಗದ್ದೆ, ಮತ್ತರು, ಸುಂಕಗಳ ವಿವರವನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ವಿದ್ಯೆಯ ಬೆಲೆಯನ್ನು ತೆತ್ತವರು ಯಾರೆಂಬುದು ತಿಳಿಯುವುದು ಅಲ್ಲಿಯೇ.