ಬಾವುಟ, ಬಾಂಬು ಮತ್ತು ಬಳಗ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ರಮಝಾನ್ ತಿಂಗಳ ಒಂದು ರಾತ್ರಿ ತರಾವೀಹ್ ಮುಗಿಸಿ ನಮ್ಮೂರ ಬಸ್ ನಿಲ್ದಾಣದ ಎದುರಿಗಿದ್ದ ಸೈಬರ್ ಕೆಫೆಗೆ ಹೋಗಿದ್ದೆ. ಪತ್ರಿಕೆಯೊಂದಕ್ಕೆ ಕತೆ ಕಳುಹಿಸಬೇಕಿತ್ತು. ಒಳಗೆ ಹತ್ತು ಕಂಪ್ಯೂಟರುಗಳ ಮುಂದೆ ಹತ್ತು ಹುಡುಗರು ಕೂತು ಆಟವಾಡುತ್ತಿದ್ದರು. ಹನ್ನೊಂದನೆಯದು ನನಗೆ ಸಿಕ್ಕಿತು. ಪರದೆಯ ತುಂಬ ಬಂದೂಕು, ಹೊಗೆ, ಮರಳಿನ ಬಣ್ಣದ ಗೋಡೆಗಳು. ಇದ್ದಕ್ಕಿದ್ದಂತೆ ಒಬ್ಬ ಹುಡುಗ "ಬಾಂಬ್ ನನ್ನ ಹತ್ರ ಇದೆ, ಎಲ್ಲ ನನ್ ಜೊತೆ ಬನ್ರೋ!" ಎಂದು ಕೂಗಿದ. ಅವನ ತಲೆಯ ಮೇಲೆ ನಮಾಝಿನ ಟೋಪಿ ಇನ್ನೂ ಹಾಗೇ ಇತ್ತು. ಪ್ರಿಂಟ್ ತೆಗೆಸಲು ನಿಂತಿದ್ದ ಹಿರಿಯರೊಬ್ಬರು ಬೆಚ್ಚಿ ತಿರುಗಿದರು. ಹುಡುಗನನ್ನು ನೋಡಿದರು, ಟೋಪಿಯನ್ನು ನೋಡಿದರು. ಏನೂ ಹೇಳಲಿಲ್ಲ. ಹುಡುಗನಿಗೆ ಅರ್ಥವಾಯಿತೆಂದು ಕಾಣುತ್ತದೆ, ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ. ಆಟ ಮುಂದುವರಿಯಿತು. ಆದರೆ ಅವನ ದನಿ ಮತ್ತೆ ಏರಲಿಲ್ಲ.

ಆ ಆಟದ ಹೆಸರು ಕೌಂಟರ್-ಸ್ಟ್ರೈಕ್. ಅದರ ಬಗ್ಗೆ ಅಂದು ನನಗೇನೂ ಗೊತ್ತಿರಲಿಲ್ಲ. ಮುಂದೆ ಮನೆಯ ಮಕ್ಕಳ ಪಕ್ಕದಲ್ಲಿ ಕೂತು ನೋಡಿ, ಓದಿ, ಕೇಳಿ ತಿಳಿದುಕೊಂಡೆ. ತಿಳಿದ ಮೇಲೆ ಅನಿಸಿದ್ದು ಇಷ್ಟು: ಆ ಹಿರಿಯರೂ ನಾನೂ ಹುಡುಗನ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಿದ್ದೆವು. "ಎಲ್ಲ ನನ್ ಜೊತೆ ಬನ್ರೋ" ಎಂಬ ಉಳಿದರ್ಧ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಈ ಬಗೆಯ ಆಟಗಳ ಚರಿತ್ರೆ ಎಂದರೆ ಆ ಉಳಿದರ್ಧದ ಚರಿತ್ರೆ.

ಮೊದಲು ಇಂಥ ಆಟಗಳ ಪೈಪೋಟಿಯಲ್ಲಿ ಜೊತೆಗಾರರ ಮಾತು ಅಷ್ಟಾಗಿ ಇರಲಿಲ್ಲ ಎನ್ನಬಹುದು. 1993ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪೆನಿ 'ಡೂಮ್' ಎಂಬ ಆಟವನ್ನು ಬಿಡುಗಡೆ ಮಾಡಿತು. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿಕೊಂಡರೆ ನಾಲ್ಕು ಜನ ಒಂದೇ ಆಟದಲ್ಲಿ ಎದುರಾಗಬಹುದಿತ್ತು. ಹೀಗೆ ಒಬ್ಬರನ್ನೊಬ್ಬರು ಬೇಟೆಯಾಡುವ ಬಗೆಗೆ ಅದರ ನಿರ್ಮಾಪಕರಲ್ಲೊಬ್ಬನಾದ ಜಾನ್ ರೊಮೆರೊ 'ಡೆತ್‌ಮ್ಯಾಚ್' ಎಂದು ಹೆಸರಿಟ್ಟ. ನಿಯಮ ಬಲು ಸರಳ. ಕಂಡವರೆಲ್ಲ ಶತ್ರುಗಳು, ಹೆಚ್ಚು ಕೊಂದವನು ಗೆದ್ದ. ಇದಕ್ಕೆ ಬೇಕಾದದ್ದು ಚುರುಕು ಬೆರಳು, ಚುರುಕು ಕಣ್ಣು. ಬೇರೆಯವರ ಮೇಲೆ ನಂಬಿಕೆ ಇಡುವ ಅಗತ್ಯವೇ ಇಲ್ಲ.

ಬದಲಾವಣೆ ಬಂದದ್ದು 1996ರಲ್ಲಿ. ಅದೇ ಕಂಪೆನಿ ಆ ವರ್ಷ 'ಕ್ವೇಕ್' ಎಂಬ ಆಟ ಹೊರತಂದಾಗ ಅದನ್ನು ಆಡುವವರೇ ತಿದ್ದಿಕೊಳ್ಳಲು ಅವಕಾಶವಿಟ್ಟಿತ್ತು. ಡೇವ್ ಕಿರ್ಷ್ ಎಂಬಾತ ಅದರೊಳಗೆ ಬಾವುಟ ಕದಿಯುವ ಆಟವನ್ನು ಸೇರಿಸಿದ. ಎರಡು ತಂಡ, ಎರಡು ಕೋಟೆ, ಎರಡು ಬಾವುಟ. ಎದುರಾಳಿಯ ಬಾವುಟವನ್ನು ಕದ್ದು ನಮ್ಮ ಕೋಟೆಗೆ ತಂದು ಮುಟ್ಟಿಸಬೇಕು. ಜೊತೆಗೆ ಒಂದು ಷರತ್ತು: ತಂದವನಿಗೆ ಅಂಕ ಸಿಗಬೇಕಾದರೆ ಆ ಕ್ಷಣದಲ್ಲಿ ನಮ್ಮ ಬಾವುಟವೂ ಅದರ ಜಾಗದಲ್ಲೇ ಇರಬೇಕು.

ಈ ಒಂದು ಷರತ್ತು ಎಲ್ಲವನ್ನೂ ಬದಲಿಸಿತು. ಎಲ್ಲರೂ ಶೂರರಾಗಿ ಮುನ್ನುಗ್ಗಿದರೆ ಮನೆ ಕಾಯುವವರು ಯಾರು? ಯಾರಾದರೊಬ್ಬರು ಹಿಂದೆ ಉಳಿಯಬೇಕು. ಹತ್ತು ನಿಮಿಷ ಒಂದೇ ಒಂದು ಗುಂಡು ಹಾರಿಸದೆ, ಯಾರೂ ಬಾರದ ದಾರಿಯನ್ನು ಕಾಯುತ್ತ ನಿಲ್ಲಬೇಕು. ಕಬಡ್ಡಿ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಟ್ಟಿದರೆ ಸಾಲದು, ಗೆರೆಗೆ ಮರಳಿ ಬಂದರೆ ಮಾತ್ರ ಅಂಕ. ಇಲ್ಲಿ ಅದರ ಮೇಲೆ ಇನ್ನೊಂದು ಮಾತು: ನೀನು ಮರಳುವ ಹೊತ್ತಿಗೆ ಮನೆಯೂ ಉಳಿದಿರಬೇಕು. ಬಾವುಟ ಇಲ್ಲಿ ಲೂಟಿಯ ಮಾಲೂ ಹೌದು, ಅಮಾನತ್ತೂ ಹೌದು.

ಇಂಥ ಆಟಗಳನ್ನು 'ಆಬ್ಜೆಕ್ಟಿವ್' ಆಟಗಳು ಎನ್ನುತ್ತಾರೆ, ಕನ್ನಡದಲ್ಲಿ ಗುರಿಯ ಆಟಗಳು ಎನ್ನೋಣ. ಗುರಿ ಎಂದರೆ ಬಂದೂಕಿನ ಗುರಿಯಲ್ಲ. ಎಲ್ಲರೂ ಸೇರಿ ಮಾಡಿ ಮುಗಿಸಬೇಕಾದ ಕೆಲಸ. ಇಲ್ಲಿ ಎದುರಾಳಿಯನ್ನು ಹೊಡೆಯುವುದು ಆ ಕೆಲಸದ ಒಂದು ಭಾಗವಷ್ಟೇ.

ಅದೇ 1996ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಗ್ಲಿ ಎಂಬ ಗೆಳೆಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ 'ಟೀಮ್ ಫೋರ್ಟ್ರೆಸ್'ನಲ್ಲಿ ಎಲ್ಲ ಆಟಗಾರರೂ ಒಂದೇ ತೆರನಲ್ಲ. ಒಬ್ಬ ವೇಗದ ಓಟಗಾರ, ಬಂದೂಕು ಸಣ್ಣದು. ಒಬ್ಬ ದೊಡ್ಡ ಬಂದೂಕಿನವನು, ನಡಿಗೆ ನಿಧಾನ. ಒಬ್ಬ ವೈದ್ಯ. ಮುಂದೆ ಎಂಜಿನಿಯರ್ ಮತ್ತು ಗೂಢಚಾರರೂ ಸೇರಿದರು. ಯಾರೊಬ್ಬರಿಗೂ ಎಲ್ಲ ಕೆಲಸ ಮಾಡಲು ಬಾರದಂತೆ ಬೇಕೆಂದೇ ಕೊರತೆ ಇಟ್ಟಿದ್ದರು. ಆ ಕೊರತೆಯನ್ನು ತುಂಬಲು ಪಕ್ಕದವನೇ ಬೇಕು.

ಕಷ್ಟ ಶುರುವಾಗುವುದು ಇಲ್ಲೇ. ವೈದ್ಯನಾಗಲು ಯಾರು ಸಿದ್ಧ? ಎಲ್ಲರಿಗೂ ಮುಂದೆ ನಿಂತು ಹೊಡೆಯುವ ಆಸೆ. ಗಾಯಗೊಂಡವನ ಬೆನ್ನ ಹಿಂದೆ ಓಡುವವನಿಗೆ ಚಪ್ಪಾಳೆ ಇಲ್ಲ. ನಮಾಝಿನ ಸಾಲಿನಲ್ಲಿ ಮುಂದೆ ಖಾಲಿ ಜಾಗ ಕಂಡರೆ ಹಿಂದಿನವನು ಬಂದು ತುಂಬುತ್ತಾನೆ, ಯಾರೂ ಹೆಸರು ಹಿಡಿದು ಕರೆಯಬೇಕಾಗಿಲ್ಲ. ಈ ಆಟಗಳು ಬೇಡುವುದೂ ಅದನ್ನೇ. ಮುಖ ನೋಡದ, ಹೆಸರು ಗೊತ್ತಿಲ್ಲದ ಅಪರಿಚಿತರ ನಡುವೆ ಅದು ಸುಲಭವಲ್ಲ. ಪಕ್ಕಪಕ್ಕದಲ್ಲಿ ಕೂತು ಕೂಗಾಡುವ ಸೈಬರ್ ಕೆಫೆಯ ಹುಡುಗರಿಗೆ ಈ ಮಟ್ಟಿಗೆ ಅನುಕೂಲವಿತ್ತು.

ಇನ್ನು ಕೌಂಟರ್-ಸ್ಟ್ರೈಕ್. ವಿಯೆಟ್ನಾಂ ಮೂಲದ ಕೆನಡಾದ ವಿದ್ಯಾರ್ಥಿ ಮಿನ್ ಲೆ ಮತ್ತು ಅಮೆರಿಕದ ಜೆಸ್ ಕ್ಲಿಫ್ ಸೇರಿ 1999ರ ಜೂನ್‌ನಲ್ಲಿ ಅದರ ಮೊದಲ ಪ್ರಾಯೋಗಿಕ ಆವೃತ್ತಿ ಹೊರತಂದರು. ವಾಲ್ವ್ ಕಂಪೆನಿ ಅದನ್ನು ಕೊಂಡು 2000ರ ನವೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಒಂದು ತಂಡ ಭಯೋತ್ಪಾದಕರು, ಇನ್ನೊಂದು ಅವರನ್ನು ತಡೆಯುವವರು. ಸತ್ತವನು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ನೋಡುತ್ತ ಕೂರಬೇಕು. ಪಂದ್ಯಗಳಲ್ಲಿ ತಂಡಕ್ಕೆ ಐದು ಮಂದಿ.

ಮೊದಲು ಬಂದದ್ದು ಒತ್ತೆಯಾಳುಗಳನ್ನು ಬಿಡಿಸುವ ಗುರಿ. ಅದು ವಿಪರೀತ ಕಷ್ಟ. ಎದುರಾಳಿ ಕಾದು ಕುಳಿತ ಕಟ್ಟಡಕ್ಕೆ ನುಗ್ಗುವುದೇ ಕಷ್ಟ, ಒತ್ತೆಯಾಳುಗಳನ್ನು ಕರೆದುಕೊಂಡು ಹೊರಬರುವುದು ಇನ್ನೂ ಕಷ್ಟ. ಕಂಪ್ಯೂಟರ್ ನಡೆಸುವ ಆ ಪಾಪದ ಜೀವಿಗಳು ಬಾಗಿಲಲ್ಲೋ ಮೂಲೆಯಲ್ಲೋ ಸಿಕ್ಕಿಕೊಂಡು ನಿಂತುಬಿಡುತ್ತಿದ್ದವು. ಗಣ್ಯ ವ್ಯಕ್ತಿಯೊಬ್ಬನನ್ನು ಸುರಕ್ಷಿತವಾಗಿ ದಾಟಿಸುವ ಗುರಿಯೂ ಇತ್ತು. ಆ ಗಣ್ಯನೂ ಒಬ್ಬ ಆಟಗಾರನೇ. ಅವನ ಬಳಿ ಪಿಸ್ತೂಲು ಬಿಟ್ಟರೆ ಬೇರೆ ಬಂದೂಕಿಲ್ಲ. ಅವನು ಹೊಸಬನಾಗಿದ್ದರೆ ಅಥವಾ ಹೇಳಿದ ಮಾತು ಕೇಳದಿದ್ದರೆ ಇಡೀ ತಂಡ ಮುಳುಗಿತು. 2004ರ ಆವೃತ್ತಿಯಲ್ಲಿ ಈ ಬಗೆಗೆ ಜಾಗವೇ ಸಿಗಲಿಲ್ಲ. ಎಲ್ಲ ಭಾರವನ್ನೂ ಒಬ್ಬನ ಮೇಲೆ ಹೊರಿಸುವ ಆಟ ಬಾಳುವುದಿಲ್ಲ ಎಂಬುದು ಇಲ್ಲಿನ ಪಾಠ.

ಉಳಿದು ಬೆಳೆದದ್ದು 1999ರ ನವೆಂಬರಿನಲ್ಲಿ ಸೇರಿದ ಬಾಂಬಿನ ಗುರಿ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು ಇಲ್ಲವೇ ನಿಷ್ಕ್ರಿಯಗೊಳಿಸಬೇಕು. ಇದರ ಲೆಕ್ಕ ನೋಡಿ. ಬಾಂಬ್ ನಿಷ್ಕ್ರಿಯಗೊಳಿಸಲು 10 ಸೆಕೆಂಡು ಬೇಕು, ಉಪಕರಣ ಕೊಂಡಿದ್ದರೆ 5. ಅಷ್ಟು ಹೊತ್ತು ಆ ಆಟಗಾರ ಬಂದೂಕು ಎತ್ತುವಂತಿಲ್ಲ, ಜಾಗ ಬಿಟ್ಟು ಕದಲುವಂತಿಲ್ಲ. ಅವನ ಜೀವ ಪೂರ್ತಿಯಾಗಿ ಗೆಳೆಯರ ಕೈಯಲ್ಲಿ. ಎದುರಾಳಿಗಳೆಲ್ಲರನ್ನೂ ಹೊಡೆದುರುಳಿಸಿದ ಮೇಲೂ ಬಾಂಬ್ ಸಿಡಿದರೆ ಸುತ್ತು ಸೋತಂತೆಯೇ. ಎಷ್ಟು ಕೊಂದೆ ಎಂಬ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು.

ಹಣದ ಲೆಕ್ಕವೂ ಹಾಗೆಯೇ. ಪ್ರತಿ ಸುತ್ತಿನ ಆರಂಭದಲ್ಲಿ ಆಟದ ಹಣದಿಂದ ಬಂದೂಕು ಕೊಳ್ಳಬೇಕು. ಸೋತು ಬಡವಾದ ತಂಡ ಐದೂ ಜನ ಮಾತಾಡಿಕೊಂಡು ಒಂದು ಸುತ್ತು ಖರ್ಚು ಮಾಡದೆ ಉಳಿಸುತ್ತದೆ, ಮುಂದಿನ ಸುತ್ತಿಗೆ ಒಟ್ಟಿಗೆ ಸಜ್ಜಾಗುತ್ತದೆ. ಒಬ್ಬ ಮಾತ್ರ ಆಸೆ ತಡೆಯದೆ ಕೊಂಡರೆ ಲೆಕ್ಕ ತಪ್ಪಿತು. ಕೈಯಲ್ಲಿ ಹೆಚ್ಚು ಹಣವಿದ್ದವನು ಬಂದೂಕು ಕೊಂಡು ಇಲ್ಲದವನ ಮುಂದೆ ಹಾಕುವುದೂ ಉಂಟು. ಹೀಗೆ ಕೊಡುವವನಿಗೆ ಅಂಕಪಟ್ಟಿಯಲ್ಲಿ ಯಾವ ಕಾಲಮ್ಮೂ ಇಲ್ಲ.

ಈ ಅಂಕಪಟ್ಟಿಯೇ ಗುರಿಯ ಆಟಗಳ ಹಳೆಯ ತಲೆನೋವು. ಗೆಲುವು ತಂಡದ್ದು, ಆದರೆ ಪಟ್ಟಿಯಲ್ಲಿ ಎದ್ದು ಕಾಣುವುದು ಯಾರು ಎಷ್ಟು ಕೊಂದರೆಂಬುದು. ಹಾಗಾಗಿ ಗುರಿ ಮರೆತು ಹೆಸರಿಗಾಗಿ ಆಡುವವರು ಎಲ್ಲ ಕಡೆಯೂ ಇರುತ್ತಾರೆ. ಇದಕ್ಕೆ ನಿರ್ಮಾಪಕರು ಬೇರೆ ಬೇರೆ ಮದ್ದು ಹುಡುಕಿದರು. 2007ರಲ್ಲಿ ಬಂದ 'ಟೀಮ್ ಫೋರ್ಟ್ರೆಸ್ 2'ಕ್ಕೆ ಮರುವರ್ಷ ಒಂದು ಬಂಡಿಯ ಆಟ ಸೇರಿತು. ಬಂಡಿಯ ಪಕ್ಕದಲ್ಲಿ ಒಬ್ಬ ನಿಂತರೆ ಅದು ನಿಧಾನವಾಗಿ ಉರುಳುತ್ತದೆ, ಮೂವರು ನಿಂತರೆ ವೇಗವಾಗಿ. ಎಲ್ಲರೂ ಬಿಟ್ಟುಹೋದರೆ ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಉರುಳತೊಡಗುತ್ತದೆ. ನಮ್ಮೂರ ತೇರಿನಂತೆ ಹಗ್ಗ ಹಿಡಿದು ಎಳೆಯಬೇಕಾಗಿಲ್ಲ, ಜೊತೆಗಿದ್ದರೆ ಸಾಕು. ಆದರೆ ಅಲ್ಲಿ ನಿಂತವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. 2016ರ 'ಓವರ್‌ವಾಚ್' ಆಟ ಎಲ್ಲರ ಅಂಕಗಳನ್ನೂ ಸಾಲಾಗಿ ತೋರಿಸುವ ಪಟ್ಟಿಯನ್ನೇ ಕೈಬಿಟ್ಟಿತು. ಆದರೆ 2022ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಪಟ್ಟಿ ಮರಳಿತು. ಮನುಷ್ಯನಿಗೆ ತನ್ನ ಹೆಸರನ್ನು ಎಲ್ಲಿಯೂ ಕಾಣದೆ ದುಡಿಯುವುದು ಅಷ್ಟು ಸುಲಭವಲ್ಲ.

ಈಗ ಆ ಟೋಪಿಯ ವಿಷಯಕ್ಕೆ ಬರೋಣ. ಕೌಂಟರ್-ಸ್ಟ್ರೈಕಿನ ಆರಂಭದ ಆವೃತ್ತಿಗಳಲ್ಲಿ ಭಯೋತ್ಪಾದಕನಿಗೆ ನಾಲ್ಕು ವೇಷಗಳಿದ್ದವು. ಒಂದು ಪೂರ್ವ ಯುರೋಪಿನದು, ಒಂದು ಸ್ವೀಡನ್ನಿನದು. ಇನ್ನೊಂದನ್ನು ಮಧ್ಯಪ್ರಾಚ್ಯದ ಮೂಲಭೂತವಾದಿ ಗುಂಪು ಎಂದು ಬಣ್ಣಿಸಲಾಗಿತ್ತು. ಬಲು ಜನಪ್ರಿಯವಾದ ಒಂದು ಆಟದ ಬಯಲಿನ ಹೆಸರು 'ಡಸ್ಟ್', ಅಂದರೆ ಧೂಳು. ಮರಳಿನ ಗೋಡೆ, ಕಮಾನು. ನೋಡಿದವರಿಗೆ ಅರಬ್ ಊರೆಂದೇ ಅನಿಸುತ್ತದೆ. ಅದನ್ನು ರೂಪಿಸಿದವನು ಇಂಗ್ಲೆಂಡಿನ ಹದಿಹರೆಯದ ಹುಡುಗ ಡೇವಿಡ್ ಜಾನ್‌ಸ್ಟನ್. ಅವನು ಯಾವ ಅರಬ್ ಊರನ್ನೂ ನೋಡಿ ಮಾಡಿದ್ದಲ್ಲ; ಆಗಿನ್ನೂ ತಯಾರಾಗುತ್ತಿದ್ದ 'ಟೀಮ್ ಫೋರ್ಟ್ರೆಸ್ 2'ರ ಚಿತ್ರಗಳನ್ನು ನೋಡಿ ಮಾಡಿದ್ದು. ಕಲ್ಪನೆಯ ಮೇಲೊಂದು ಕಲ್ಪನೆ! ಆದರೆ ಅದನ್ನು ನೋಡಿದ ಲೋಕ ತನ್ನ ತಲೆಯಲ್ಲಿ ಮೊದಲೇ ಇದ್ದ ಚಿತ್ರವನ್ನೇ ಅಲ್ಲಿ ಕಂಡುಕೊಂಡಿತು. ಇದರ ವಿರುದ್ಧ ನಮ್ಮ ದೂರು ನ್ಯಾಯವಾದದ್ದೇ.

ಆದರೆ ಅದೇ ಆಟದಲ್ಲಿ ಇನ್ನೊಂದು ನಿಯಮವಿದೆ. ಪಂದ್ಯದ ಅರ್ಧದಲ್ಲಿ ತಂಡಗಳು ಪಕ್ಷ ಬದಲಿಸಬೇಕು. 2012ರಲ್ಲಿ ಬಂದ ಆವೃತ್ತಿಯಲ್ಲಿ ಇದು 15 ಸುತ್ತುಗಳ ನಂತರ, 2023ರ ಆವೃತ್ತಿಯಲ್ಲಿ 12ರ ನಂತರ. ಬಾಂಬ್ ಇಟ್ಟವರೇ ಈಗ ಬಾಂಬ್ ತೆಗೆಯುವವರು. ಯಾವ ತಂಡವೂ ಹುಟ್ಟಿನಿಂದ ಭಯೋತ್ಪಾದಕ ಅಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಆಟವನ್ನಿಟ್ಟು ನೋಡಿ. 2002ರ ಜುಲೈ 4ರಂದು ಅಮೆರಿಕದ ಸೇನೆ, ಯುವಕರನ್ನು ಸೇನೆಯತ್ತ ಸೆಳೆಯಲು 'ಅಮೆರಿಕಾಸ್ ಆರ್ಮಿ' ಎಂಬ ಆಟವನ್ನು ಉಚಿತವಾಗಿ ಹಂಚಿತು. ಅದರಲ್ಲೂ ಎರಡು ತಂಡಗಳು, ಅದರಲ್ಲೂ ಗುರಿಗಳು. ಆದರೆ ಪ್ರತಿ ಆಟಗಾರನಿಗೂ ತನ್ನ ತಂಡ ಅಮೆರಿಕದ ಸೈನಿಕರಾಗಿಯೂ ಎದುರಿನವರು ಶತ್ರುಗಳಾಗಿಯೂ ಕಾಣುವಂತೆ ಮಾಡಿದ್ದರು. ಎದುರಿನವನ ಪರದೆಯಲ್ಲಿ ಅವನು ಅಮೆರಿಕನ್, ನೀವು ಶತ್ರು! ಎಷ್ಟು ಆಡಿದರೂ ಶತ್ರುವಿನ ವೇಷ ಯಾರ ಮೈಮೇಲೂ ಬರುವುದಿಲ್ಲ. 2022ರಲ್ಲಿ ಮುಚ್ಚುವವರೆಗೆ ಸುಮಾರು ಇಪ್ಪತ್ತು ವರ್ಷ ಈ ಏರ್ಪಾಡು ನಡೆಯಿತು. ನಮ್ಮ ಕಾಲದ ರಾಜಕಾರಣಕ್ಕೆ ಇದಕ್ಕಿಂತ ಒಳ್ಳೆಯ ರೂಪಕವನ್ನು ಯಾವ ಕತೆಗಾರನೂ ಹೊಸೆಯಲಾರ. ಇವೆರಡರಲ್ಲಿ ಹೆಚ್ಚು ಪ್ರಾಮಾಣಿಕ ಆಟ ಯಾವುದು ಎಂಬುದನ್ನು ಓದುಗರೇ ನಿರ್ಧರಿಸಲಿ.

ಇದು ಬಂದೂಕಿನಾಟಗಳ ವಕಾಲತ್ತಲ್ಲ. ನಿದ್ದೆಗೆಟ್ಟ ಮಕ್ಕಳನ್ನೂ ಹಿಂದೆ ಬಿದ್ದ ಓದನ್ನೂ ನಾನು ನೋಡಿದ್ದೇನೆ. ಹಿರಿಯರ ಆತಂಕ ಸುಳ್ಳಲ್ಲ. ಆದರೆ ಮಕ್ಕಳು ಏನನ್ನು ಆಡುತ್ತಿದ್ದಾರೆ ಎಂದು ಪಕ್ಕದಲ್ಲಿ ಕೂತು ನೋಡದೆ ಕೊಡುವ ತೀರ್ಪಿಗೆ ಅವರೂ ಬೆಲೆ ಕೊಡುವುದಿಲ್ಲ.

ಆ ರಾತ್ರಿ ಕತೆ ಕಳುಹಿಸಿ ನಾನು ಏಳುವ ಹೊತ್ತಿಗೆ ಹುಡುಗರು ಪಕ್ಷ ಬದಲಿಸಿಕೊಂಡಿದ್ದರು. ಟೋಪಿ ಜೇಬಿಗಿಟ್ಟ ಹುಡುಗ ಪರದೆಯಲ್ಲಿ ಬಾಂಬಿನ ಮುಂದೆ ಕೂತಿದ್ದ, ಅದು ಬೀಪ್ ಬೀಪ್ ಎನ್ನುತ್ತಿತ್ತು. ಅವನ ಎರಡೂ ಬದಿಗೆ ಕೂತಿದ್ದ ಗೆಳೆಯರು "ನೀನ್ ತೆಗಿಯೋ, ನಾವಿದ್ದೀವಿ" ಎನ್ನುತ್ತಿದ್ದರು. ಪ್ರಿಂಟಿಗೆ ನಿಂತಿದ್ದ ಹಿರಿಯರು ಆಗಲೇ ಹೋಗಿಬಿಟ್ಟಿದ್ದರು. ಇನ್ನು ಹತ್ತು ನಿಮಿಷ ನಿಂತಿದ್ದರೆ ಅವರು ಇದನ್ನೂ ನೋಡುತ್ತಿದ್ದರು.