ರಕ್ತದ ಲೆಕ್ಕ ಕೇಳಿದವರು

ಎಲ್ಲರ ರಕ್ತದ ಬಣ್ಣ ಒಂದೇ ಅಂತ ವೇದಿಕೆ ಹತ್ತಿ ಹೇಳುವುದು ಸುಲಭ. ಚಪ್ಪಾಳೆಯೂ ಬೀಳುತ್ತದೆ. ಆದರೆ ರಕ್ತದ ಚರಿತ್ರೆ ಇರುವುದು ವೇದಿಕೆಯ ಮೇಲಲ್ಲ. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ, ಆಸ್ಪತ್ರೆಯ ಕಡತದಲ್ಲಿ. ಅಲ್ಲಿ ಏನು ಬರೆದರು, ಯಾರು ಬರೆದರು, ಆಮೇಲೆ ಅದನ್ನು ಯಾರು ಓದಿದರು ಎಂಬುದನ್ನು ನೋಡಬೇಕು.

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಎಂದು ತೋರಿಸಿದರು. ಗುಂಪು ಹೊಂದಿದರೆ ಗುರುತಿಲ್ಲದವನ ರಕ್ತವೂ ಬದುಕಿಸುತ್ತದೆ; ಹೊಂದದಿದ್ದರೆ ಒಡಹುಟ್ಟಿದವನ ರಕ್ತವೂ ಕೊಲ್ಲಬಹುದು. ಕುಲ, ಗೋತ್ರ, ಮೈಬಣ್ಣ ಇಲ್ಲಿ ಲೆಕ್ಕಕ್ಕಿಲ್ಲ. ವಿಜ್ಞಾನ ಇಷ್ಟು ನೇರವಾಗಿ ಹೇಳಿದರೂ ಅಮೆರಿಕದ ಬಿಳಿಯರ ಕಿವಿಗೆ ಅದು ಬೀಳಲಿಲ್ಲ.

1940ರಲ್ಲಿ, ಯುದ್ಧದಲ್ಲಿ ಸಿಕ್ಕಿದ್ದ ಬ್ರಿಟನ್ನಿಗೆ ಅಮೆರಿಕದಿಂದ ಪ್ಲಾಸ್ಮಾ ಕಳಿಸುವ ಕೆಲಸದ ಮುಂದಾಳು ಚಾರ್ಲ್ಸ್ ಡ್ರೂ ಎಂಬ ಕರಿಯ ವೈದ್ಯರು. ರಕ್ತವನ್ನು ಕೂಡಿಡುವ ವಿದ್ಯೆಯಲ್ಲೇ ಡಾಕ್ಟರೇಟ್ ಪಡೆದವರು. ಅಂಥವರಿದ್ದ ದೇಶದಲ್ಲೇ 1941ರಲ್ಲಿ ರೆಡ್‌ಕ್ರಾಸ್ ಸಂಸ್ಥೆ ಕರಿಯರ ರಕ್ತ ಬೇಡ ಅಂದಿತು. ಪ್ರತಿಭಟನೆ ಎದ್ದ ಮೇಲೆ, 1942ರ ಜನವರಿಯಲ್ಲಿ, ತಗೊಳ್ತೀವಿ ಆದರೆ ಬೇರೆ ಇಡ್ತೀವಿ ಅಂದಿತು. ಗೆಳೆಯರೇ, ಬೇರೆ ಬಾವಿ, ಬೇರೆ ಲೋಟ ಕಂಡ ನಮಗೆ ಈ ಬೇರೆ ಬಾಟಲಿ ಅರ್ಥವಾಗದ ಸಂಗತಿಯೇ? ರೆಡ್‌ಕ್ರಾಸ್ ಆ ಗುರುತನ್ನು ಕೈಬಿಟ್ಟದ್ದು 1950ರಲ್ಲಿ. ಲೂಸಿಯಾನಾ ರಾಜ್ಯದ ಕಾನೂನಿನಿಂದ ಅದು ಹೋಗಲು 1972 ಬರಬೇಕಾಯಿತು.

1950ರಲ್ಲಿ ಡ್ರೂ ಕಾರು ಅಪಘಾತದಲ್ಲಿ ಸತ್ತರು. ಬಿಳಿಯರ ಆಸ್ಪತ್ರೆ ರಕ್ತ ಕೊಡಲಿಲ್ಲ, ಅದಕ್ಕೇ ಸತ್ತರು ಎಂಬ ಕತೆ ಹಬ್ಬಿತು. ಅದು ನಿಜವಲ್ಲ. ಅವರ ಜೊತೆ ಕಾರಿನಲ್ಲಿದ್ದ ಕರಿಯ ವೈದ್ಯರೇ ಚಿಕಿತ್ಸೆ ಸಿಕ್ಕಿತ್ತು ಎಂದು ಹೇಳಿದ್ದಾರೆ. ನಮ್ಮ ಸಿಟ್ಟಿಗೆ ಕಟ್ಟುಕತೆ ಬೇಕಿಲ್ಲ. ಬಾಟಲಿಯ ಮೇಲಿನ ಚೀಟಿಯೇ ಸಾಕು.

ಯಾರ ರಕ್ತ ಎಂಬ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಬಿದ್ದಿತ್ತು: ಯಾವಾಗ, ಎಷ್ಟು ಕೊಡಬೇಕು? ಅದನ್ನು ಬಹುಕಾಲ ಯಾರೂ ಕೇಳಲಿಲ್ಲ. 1942ರಲ್ಲಿ ಅಮೆರಿಕದ ಆಡಮ್ಸ್ ಮತ್ತು ಲಂಡಿ ಎಂಬ ಇಬ್ಬರು ವೈದ್ಯರು, 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 8ರಿಂದ 10 ಗ್ರಾಂಗಿಂತ ಕಡಿಮೆಯಿದ್ದರೆ ಶಸ್ತ್ರಕ್ರಿಯೆಗೆ ಮುಂಚೆ ರಕ್ತ ಕೊಡುವುದು ಒಳ್ಳೆಯದು ಅಂದರು. ಆ ಸಲಹೆ ಕ್ರಮೇಣ '10 ಗ್ರಾಂ' ಎಂಬ ಮಂತ್ರವಾಯಿತು. ಗುರು ಹೇಳಿದ, ಶಿಷ್ಯ ಬರಕೊಂಡ. ಶಿಷ್ಯ ಗುರುವಾದ, ಅದನ್ನೇ ಹೇಳಿದ. ಪುರೋಹಿತಶಾಹಿ ಗುಡಿಯಲ್ಲಿ ಮಾತ್ರ ಇರುತ್ತೆ ಅಂತ ಯಾರು ಹೇಳಿದ್ದು?

1980ರ ದಶಕದಲ್ಲಿ ಏಡ್ಸ್ ಬಂತು. ರಕ್ತದ ಜೊತೆ ಸಾವೂ ಮೈಯೊಳಗೆ ಇಳಿಯಬಹುದು ಎಂದು ಗೊತ್ತಾದ ಮೇಲೆ ವೈದ್ಯರು ಒಬ್ಬರ ಕಡತವನ್ನು ಇನ್ನೊಬ್ಬರು ನೋಡತೊಡಗಿದರು. 1994ರಲ್ಲಿ ಯುರೋಪಿನ 43 ಆಸ್ಪತ್ರೆಗಳ ಹೋಲಿಕೆ ಪ್ರಕಟವಾಯಿತು. ಅದೇ ಶಸ್ತ್ರಕ್ರಿಯೆ, ಒಂದು ಆಸ್ಪತ್ರೆಯಲ್ಲಿ ರಕ್ತ ಕೊಡುತ್ತಾರೆ, ಇನ್ನೊಂದರಲ್ಲಿ ಇಲ್ಲ. 1999ರಲ್ಲಿ ಕೆನಡಾದ ವೈದ್ಯರು ತೀವ್ರ ನಿಗಾ ಘಟಕದ 838 ರೋಗಿಗಳ ಪರೀಕ್ಷೆಯ ಫಲ ಪ್ರಕಟಿಸಿದರು. 10 ಗ್ರಾಂಗಿಂತ ಇಳಿದ ಕೂಡಲೇ ರಕ್ತ ಕೊಟ್ಟವರಿಗಿಂತ, 7 ಗ್ರಾಂಗೆ ಇಳಿಯುವತನಕ ತಡೆದವರಲ್ಲಿ ಸಾವು ಹೆಚ್ಚಲಿಲ್ಲ. ಮಂತ್ರ ಮುರಿಯಿತು.

ಆ ಹೊತ್ತಿಗೆ ಕಡತಗಳು ಕಂಪ್ಯೂಟರಿಗೆ ಇಳಿಯುತ್ತಿದ್ದವು. ಹತ್ತು ಜನ ವರ್ಷಗಟ್ಟಲೆ ಪುಟ ತಿರುವಿ ಎಣಿಸುವುದನ್ನು ಯಂತ್ರ ಬೇಗ ಎಣಿಸುತ್ತದೆ. ಅಮೆರಿಕದಲ್ಲಿ 2008ರಲ್ಲಿ ನಡೆದ ಹೃದಯದ ಬೈಪಾಸ್ ಶಸ್ತ್ರಕ್ರಿಯೆಗಳ ದಾಖಲೆಗಳನ್ನು ಹೀಗೆ ಜೋಡಿಸಿ ನೋಡಿ, 2010ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಕನಿಷ್ಠ 100 ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗಳಲ್ಲೇ ಒಂದು ಕಡೆ ನೂರಕ್ಕೆ 7.8 ರೋಗಿಗಳಿಗೆ ಕೆಂಪುಕಣ ಕೊಟ್ಟಿದ್ದರು, ಇನ್ನೊಂದು ಕಡೆ 92.8 ರೋಗಿಗಳಿಗೆ! ನಮ್ಮ ರೋಗಿಗಳ ಸ್ಥಿತಿ ಕೆಟ್ಟಿತ್ತು ಅನ್ನುವ ಸಬೂಬನ್ನೂ ಲೆಕ್ಕ ಹಾಕಿ ನೋಡಿದರು. ಈ ಅಂತರದ ಐದರಲ್ಲೊಂದು ಪಾಲನ್ನಷ್ಟೇ ಅದು ವಿವರಿಸಿತು. ಹೆಚ್ಚು ಕೊಟ್ಟ ಕಡೆ ಸಾವೇನೂ ಕಡಿಮೆಯಾಗಿರಲಿಲ್ಲ. ಹಾಗಾದರೆ ಆ ರಕ್ತವನ್ನೆಲ್ಲ ಕೊಡಿಸಿದ್ದು ಬಹುಪಾಲು ಯಾವುದು? ರೂಢಿ. ಅದೇ 2010ರಲ್ಲಿ ಸ್ಟ್ಯಾನ್‌ಫರ್ಡ್ ಆಸ್ಪತ್ರೆಯಲ್ಲಿ, ವೈದ್ಯ ರಕ್ತ ಬೇಕೆಂದು ಬರೆದ ತಕ್ಷಣ ರೋಗಿಯ ಹಿಮೋಗ್ಲೋಬಿನ್ ನೋಡಿ, 'ಯಾಕೆ ಬೇಕು?' ಎಂದು ಕಂಪ್ಯೂಟರೇ ಕೇಳುವ ಏರ್ಪಾಡಾಯಿತು. ಕೆಲವೇ ವರ್ಷಗಳಲ್ಲಿ ಕೆಂಪುಕಣಗಳ ಬಳಕೆ ಸುಮಾರು ಕಾಲುಭಾಗ ಇಳಿಯಿತು. ಒಂದು 'ಯಾಕೆ'ಗೆ ಇಷ್ಟು ಬಲ.

ಆದರೆ ಇಲ್ಲಿ ಎಚ್ಚರ ಬೇಕು. ಅದು ರಕ್ತ ಉಕ್ಕಿ ಹರಿಯುವ ಆಸ್ಪತ್ರೆಗಳ ಲೆಕ್ಕ. ನಮ್ಮ ದೇಶದಲ್ಲಿ ಕೂಲಿ ಸಿಗದ ದಿನ ರಕ್ತ ಮಾರಿ ಹಿಟ್ಟು ತಂದವರಿದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿ 1ರಿಂದ ಆ ಮಾರಾಟ ನಿಷೇಧವಾಯಿತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಸುರಿದು ಹೋಗುತ್ತಿರುವ ಕೂಲಿ ಹೆಂಗಸಿಗೆ 'ಕಡಿಮೆ ಕೊಟ್ಟರೂ ನಡೆಯುತ್ತೆ' ಅನ್ನಲು ಈ ಲೆಕ್ಕ ನೆಪವಾಗಬಾರದು. ಕಂಪ್ಯೂಟರು ಎಣಿಸುವುದು ದಾಖಲಾದವರನ್ನು ಮಾತ್ರ. ರಕ್ತ ಸಿಗದೆ ಹಾದಿಯಲ್ಲೇ ಸತ್ತವಳು ಯಾವ ಕಡತದಲ್ಲೂ ಇಲ್ಲ.

ಒಂದು ಕಾಲಕ್ಕೆ ಚೀಟಿ ಅಂಟಿಸಿದ್ದು ಮನುಷ್ಯರನ್ನು ಬೇರೆ ಮಾಡಲು. ಮುಂದೆ ದಾಖಲೆ ಬಿಚ್ಚಿದ್ದು ದೊಡ್ಡವರ ರೂಢಿಯನ್ನು ಪ್ರಶ್ನಿಸಲು. ಬರಹ ಎರಡೂ ಕೆಲಸ ಮಾಡುತ್ತದೆ. ಅದು ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ಅದಕ್ಕೇ ಅಕ್ಷರ ಬಲ್ಲ ನಾವು ಎರಡು ಪ್ರಶ್ನೆ ಕೇಳಬೇಕು. ಕೊಟ್ಟವರಿಗೆ ಯಾಕೆ ಕೊಟ್ಟಿರಿ? ಕೊಡದವರಿಗೆ ಯಾಕೆ ಕೊಡಲಿಲ್ಲ? ಎರಡಕ್ಕೂ ಲೆಕ್ಕದಲ್ಲಿ ಉತ್ತರ ಬರುವ ತನಕ ರಕ್ತದ ಬಣ್ಣ ಒಂದೇ ಎಂಬುದು ಬರೀ ಭಾಷಣ.