ಕನಕನ ಕೀರ್ತನೆ, ಯಾರ ದನಿ?

ಹಾವೇರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಅಗ್ಗದ ಎಂಪಿ3 ಸಿ.ಡಿ. ಅದು. ಹೊದಿಕೆಯ ತುಂಬ ರಾಜ್‌ಕುಮಾರ್ ಚಿತ್ರ, ಕೆಳಗೆ ಅಣ್ಣಾವ್ರು ಹಾಡಿದ ಭಕ್ತಿಗೀತೆಗಳೆಂಬ ಬರಹ. ಪಟ್ಟಿಯಲ್ಲಿ ‘ಭಕ್ತ ಕನಕದಾಸ’ ಚಿತ್ರದ ಕೀರ್ತನೆಯೊಂದಿತ್ತು: ಉಡುಪಿಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು ಕನಕ ಬೇಡುವುದು. ಕನಕ ಹುಟ್ಟಿದ ಬಾಡ ಈ ಜಿಲ್ಲೆಯದೇ, ನೆಲೆ ನಿಂತ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನದು. ಈ ಹಾಡನ್ನು ಕೇಳದ ಮನೆ ಇಲ್ಲಿ ಅಪರೂಪ. ಅದನ್ನು ಹಾಡಿದವರ ಹೆಸರನ್ನು ಈ ನೆಲದಲ್ಲೇ ತಪ್ಪಾಗಿ ಅಚ್ಚು ಹಾಕಿ ಮಾರಿದ್ದು ನನಗೆ ಸಹಿಸಲಾಗಲಿಲ್ಲ.

ಚಿತ್ರ ಬಂದದ್ದು 1960ರಲ್ಲಿ. ನಿರ್ದೇಶನ ವೈ.ಆರ್. ಸ್ವಾಮಿ, ಸಂಗೀತ ಎಂ. ವೆಂಕಟರಾಜು. ತೆರೆಯ ಮೇಲಿನ ಕನಕ ರಾಜ್‌ಕುಮಾರ್, ಕೊರಳು ಪಿ.ಬಿ. ಶ್ರೀನಿವಾಸ್. ರಾಜ್ ಅದಕ್ಕೂ ಮುಂಚೆ ಹಾಡಿಲ್ಲವೆಂದಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ಅವರ ಯುಗಳಗೀತೆ ಇದೆ. ಆದರೆ ಗಾಯಕರಾಗಿ ಅವರು ನೆಲೆಯೂರಿದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ನಡುವಿನ ಕಾಲದ ಹಾಡುಗಳೇ ಅಗ್ಗದ ಸಂಗ್ರಹಗಳಲ್ಲಿ ಹೆಚ್ಚು ಕಲಸಿಹೋಗುವುದು. ಮುಖ ನೋಡಿ ಹೆಸರು ಬರೆಯುವವರಿಗೆ ತೆರೆಯ ಹಿಂದಿನವರು ಕಾಣುವುದಿಲ್ಲ.

ಹೆಸರು ತಪ್ಪಾದರೂ ದನಿಯಾದರೂ 1960ರದ್ದೇ? ಅದನ್ನು ಹುಡುಕಲು ಮೊದಲು ಹಿಡಿದದ್ದು ಕಾನೂನನ್ನು. ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿದ 52ಎ ಕಲಮಿನ ಪ್ರಕಾರ ಮುದ್ರಣ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ, ಇಷ್ಟೂ ಹೊದಿಕೆಯ ಮೇಲೆ ಇರಲೇಬೇಕು. ಹಳೇ ಸಂಗ್ರಹಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. 1960ರ ಹಾಡಿನ ಪಕ್ಕ 2003 ಎಂದಿದ್ದರೆ ಎರಡರಲ್ಲೊಂದು: ಹಾಡನ್ನು ಹೊಸದಾಗಿ ಹಾಡಿಸಿದ್ದಾರೆ, ಇಲ್ಲವೇ ಸಂಗ್ರಹ ಹೊರಟ ವರ್ಷವನ್ನೇ ಹಾಕಿ ಕೈ ತೊಳೆದುಕೊಂಡಿದ್ದಾರೆ. ನನ್ನ ಸಿ.ಡಿ.ಯ ಮೇಲೆ ವರ್ಷವೂ ಇರಲಿಲ್ಲ, ವಿಳಾಸವೂ ಇರಲಿಲ್ಲ.

ಹೊಸದಾಗಿ ಹಾಡಿಸುವುದು ತಪ್ಪೇನಲ್ಲ. ಮೂಲ ಮುದ್ರಣವಾಗಿ ಎರಡು ವರ್ಷ ಕಳೆದ ಮೇಲೆ ತಿಳಿವಳಿಕೆ ಪತ್ರ ಕೊಟ್ಟು, ರಾಯಲ್ಟಿ ಕಟ್ಟಿ, ಬೇರೆಯವರಿಂದ ಹಾಡಿಸಲು ಕಾನೂನು ಅವಕಾಶ ಕೊಟ್ಟಿತ್ತು. 2012ರ ತಿದ್ದುಪಡಿ ಅದನ್ನು ಐದು ವರ್ಷಕ್ಕೇರಿಸಿತು. ಹಿಂದಿಯಲ್ಲಿ ಸೋನು ನಿಗಮ್ ಮೊದಲು ಮನೆಮಾತಾದದ್ದು ರಫಿ ಹಾಡುಗಳನ್ನು ಹೀಗೆ ಹಾಡಿಯೇ. ಕೊಳ್ಳುವವನಿಗೆ ಮೂಲವೆಂಬ ಭ್ರಮೆ ಹುಟ್ಟಿಸಬಾರದು ಎಂಬುದೂ ಒಂದು ಷರತ್ತು. ಮುರಿಯುತ್ತಿದ್ದುದೂ ಅದೇ.

ರಾಣೆಬೆನ್ನೂರಿನಲ್ಲಿ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ, ಈಗ ಮೊಬೈಲ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಸಿ.ಡಿ. ಕೇಳಿಸಿದೆ. ಪಲ್ಲವಿ ಮುಗಿಯುವ ಮೊದಲೇ ಕೈ ಎತ್ತಿದರು. “ಹಾಡಿದಾವ ಯಾರರ ಇರಲಿ ಸರ, ಮೊದಲ ವಾದ್ಯ ಕೇಳ್ರಿ. ಇದು ಕೀಬೋರ್ಡ್ ಐತಿ. ಟ್ರ್ಯಾಕ್ ಮ್ಯಾಲ ಹಾಡ್ಯಾರ.” ಚಿತ್ರವನ್ನೇ ಹಾಕಿ ಪಕ್ಕಪಕ್ಕ ಕೇಳಿದೆವು. ಅವರ ಮಾತು ನಿಜ. ಸಿ.ಡಿ.ಯಲ್ಲಿದ್ದದ್ದು ರಾಜ್ ಅಲ್ಲ, ಪಿ.ಬಿ.ಎಸ್. ಕೂಡ ಅಲ್ಲ, ಹೆಸರಿಲ್ಲದ ಮೂರನೆಯ ಗಾಯಕ. ಚೆನ್ನಾಗಿಯೇ ಹಾಡಿದ್ದಾನೆ. ಅವನ ಹೆಸರನ್ನಾದರೂ ಹಾಕಬೇಕಿತ್ತು.

ಬ್ಯಾಡಗಿಯಲ್ಲಿ ಇನ್ನೊಂದು ಬಗೆಯ ಸಂಗ್ರಹ ಕಂಡೆ. ಬಳ್ಳಾರಿ, ರಾಯಚೂರು ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡು ಬರುವ ಲಾರಿಗಳ ಚಾಲಕರು ಒಂದು ಕಾಲಕ್ಕೆ ಇಂಥ ಸಿ.ಡಿ.ಗಳ ದೊಡ್ಡ ಗಿರಾಕಿಗಳು. ಅವರಿಗೆ ಬೇಕಾದದ್ದು ರಾತ್ರಿಯಿಡೀ ಸಾಲುವಷ್ಟು ಹಾಡು. ಸಿ.ಡಿ. ಹಿಡಿಯುವುದು 700 ಎಂಬಿ. 128 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 12 ಗಂಟೆ, ಎಂದರೆ ಮೂರೂವರೆ ನಿಮಿಷದ 200 ಹಾಡು. ಒಂದೇ ಸಿ.ಡಿ.ಯ ಮೇಲೆ 400 ಹಾಡು ಎಂದು ಬರೆದಿದ್ದರೆ ಪ್ರತಿ ಹಾಡನ್ನೂ ಅರ್ಧಕ್ಕೆ ಹಿಂಡಿದ್ದಾರೆಂದೇ ತಿಳಿಯಬೇಕು. ಹಾಗೆ ಹಿಂಡಿದಾಗ ಮೊದಲು ಸಾಯುವುದು ತಾರಸ್ಥಾಯಿಯ ಮಿನುಗು: ತಾಳದ ಕಿಣಿಕಿಣಿ, ‘ಸ’ಕಾರದ ಅಂಚು. ಪಿ.ಬಿ.ಎಸ್. ಅವರದು ಮೆತ್ತಗಿನ ದನಿ. ಉಸಿರಿನ ಆ ಸಣ್ಣ ಏರಿಳಿತವೂ ಮಸುಕಾಗುತ್ತದೆ.

ಅಲ್ಲಿನ ಅಂಗಡಿಯೊಂದರ ಮೂಲೆಯಲ್ಲಿ ಸಿಕ್ಕ ಹಳೇ ಕ್ಯಾಸೆಟ್ಟಿನಲ್ಲಿ ಇದ್ದದ್ದು ಕೆಲವೇ ಹಾಡು, ಕಾಗದ ಹಳದಿಗಟ್ಟಿತ್ತು. ಆದರೆ ಪ್ರತಿ ಹಾಡಿನ ಮುಂದೆ ಚಿತ್ರ, ಗಾಯಕ, ಸಾಹಿತ್ಯ, ಸಂಗೀತ, ನಾಲ್ಕೂ ಇದ್ದವು. ಎಂ. ವೆಂಕಟರಾಜು ಎಂಬ ಹೆಸರನ್ನು ಸಂಗ್ರಹವೊಂದರ ಮೇಲೆ ನಾನು ಓದಿದ್ದು ಅಲ್ಲೇ. ಕನಕನ ಮಾತು ಯಾರ ಸ್ವತ್ತೂ ಅಲ್ಲ. ಧ್ವನಿಮುದ್ರಣದ ಹಕ್ಕೂ 60 ವರ್ಷಕ್ಕೆ ಮುಗಿಯುತ್ತದೆ; 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಕೊನೆಗೆ ತೀರಿತು. ರಾಗದ ಹಕ್ಕು ಬೇರೆಯೇ ಆದರೂ ಮುದ್ರಣದ ಹಕ್ಕಿನ ತಡೆ ಇನ್ನಿಲ್ಲ, ಅಗ್ಗದ ಸಂಗ್ರಹಗಳು ಇನ್ನೂ ಹೆಚ್ಚಬಹುದು. ಹೆಚ್ಚಲಿ, ಬೆಲೆ ಕಡಿಮೆಯಿರುವುದು ಕೇಳುಗನಿಗೆ ಒಳ್ಳೆಯದೇ. ರಾಗ ಹೊಸೆದವರ ಹೆಸರಿಲ್ಲದ ಸಂಗ್ರಹಕ್ಕೆ ಮಾತ್ರ, ಹತ್ತೇ ರೂಪಾಯಿಯಾದರೂ, ನಾನು ದುಡ್ಡು ಕೊಡುವುದಿಲ್ಲ. ಆ ಕ್ಯಾಸೆಟ್ಟನ್ನು ಕೇಳಿದ ಬೆಲೆಗೇ ಕೊಂಡೆ.